ನೇಗಿಲು ಮುಂದೆ, ಪಾದ್ರಿ ಹಿಂದೆ

ಯೇಸುವಿನ ಅನುಯಾಯಿಗಳಿಗೆ ‘ಕ್ರೈಸ್ತರು’ ಎಂಬ ಹೆಸರು ಮೊದಲು ಬಿದ್ದದ್ದು ಸಿರಿಯಾದ ಅಂತಿಯೋಕ್ಯದಲ್ಲಿ. ರೋಮನ್ ಸಾಮ್ರಾಜ್ಯದ ಅತಿ ದೊಡ್ಡ ನಗರಗಳಲ್ಲಿ ಅದೊಂದು. ಆ ಊರಿಗೆ ಈ ಮತವನ್ನು ಒಯ್ದವರು ಯಾರು ಎಂದು ಕೇಳಿದರೆ ಹೆಚ್ಚಿನವರ ಬಾಯಲ್ಲಿ ಬರುವ ಹೆಸರು ಪೌಲ. ‘ಅಪೊಸ್ತಲರ ಕೃತ್ಯಗಳು’ ಪುಸ್ತಕ ಹಾಗೆ ಹೇಳುವುದಿಲ್ಲ. ಜೆರೂಸಲೇಮಿನಲ್ಲಿ ಸ್ತೆಫನನನ್ನು ಕಲ್ಲೆಸೆದು ಕೊಂದ ಮೇಲೆ ಅಲ್ಲಿನ ಸಣ್ಣ ಗುಂಪು ದಿಕ್ಕಾಪಾಲಾಯಿತು. ಓಡಿಹೋದವರಲ್ಲಿ ಕುಪ್ರದ್ವೀಪದ, ಕುರೇನೆಯ ಕೆಲವರು ಅಂತಿಯೋಕ್ಯ ಸೇರಿದರು, ಅಲ್ಲಿನ ಗ್ರೀಕರ ಜೊತೆ ಮಾತಿಗಿಳಿದರು, ಕೇಳಿದವರಲ್ಲಿ ಹಲವರು ನಂಬಿದರು. ಇವರಲ್ಲಿ ಒಬ್ಬರ ಹೆಸರೂ ಪುಸ್ತಕದಲ್ಲಿಲ್ಲ. ಸುದ್ದಿ ಜೆರೂಸಲೇಮಿಗೆ ಮುಟ್ಟಿದ ಮೇಲೆ ಹಿರಿಯರು ನೋಡಿಬರಲೆಂದು ಬಾರ್ನಬನನ್ನು ಕಳಿಸಿದರು. ಅವನು ತಾರ್ಸಕ್ಕೆ ಹೋಗಿ ಪೌಲನನ್ನು ಹುಡುಕಿ ಕರೆತಂದ. ಪ್ರಸಿದ್ಧ ಪ್ರಚಾರಕ ಊರು ಹೊಗುವಾಗ ಸಭೆ ಆಗಲೇ ನೆಲೆಯೂರಿತ್ತು.

ರೋಮ್ ನಗರದ ಕಥೆಯೂ ಇದೇ. ಪೌಲ ರೋಮಿನ ವಿಶ್ವಾಸಿಗಳಿಗೆ ತನ್ನ ದೀರ್ಘ ಪತ್ರ ಬರೆದದ್ದು ಕ್ರಿ.ಶ. 57ರ ಸುಮಾರಿಗೆ, ಆಗ ಅವನಿನ್ನೂ ಆ ಊರನ್ನು ಕಂಡಿರಲಿಲ್ಲ. ಕೊರಿಂಥದಲ್ಲಿ ಅವನಿಗೆ ಆಸರೆ ಕೊಟ್ಟ ಅಕ್ವಿಲ, ಪ್ರಿಸ್ಕಿಲ್ಲ ದಂಪತಿ ಚಕ್ರವರ್ತಿ ಕ್ಲಾಡಿಯಸ್ ಯೆಹೂದ್ಯರನ್ನು ರೋಮಿನಿಂದ ಓಡಿಸಿದಾಗ ಊರು ಬಿಟ್ಟು ಬಂದವರು. ಅವರ ಕಸುಬು ಗುಡಾರ ಹೊಲಿಯುವುದು, ಪೌಲನದೂ ಅದೇ. ಒಂದೇ ಕಸುಬಿನವರೆಂದು ಜೊತೆಗೆ ಉಳಿದು ಹಗಲು ದುಡಿದರು, ಬಿಡುವಾದಾಗ ಉಪದೇಶ ನಡೆಸಿದರು. ಮೆಡಿಟರೇನಿಯನ್ ಸುತ್ತ ಕ್ರೈಸ್ತಮತ ಹಬ್ಬಿದ ಬಗೆಯನ್ನು ನಾವು ಪೌಲನ ಯಾತ್ರೆಗಳ ನಕ್ಷೆ ಹಿಡಿದು ಓದುತ್ತೇವೆ. ಆ ನಕ್ಷೆಯ ಗೆರೆಗಳ ಕೆಳಗೆ ವ್ಯಾಪಾರಿಗಳ, ಕುಶಲಕರ್ಮಿಗಳ, ಗಡೀಪಾರಾದವರ ಓಡಾಟ ಮೊದಲೇ ಸವೆಸಿಟ್ಟ ದಾರಿ ಇತ್ತು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕ್ರೈಸ್ತರ ಇತಿಹಾಸವನ್ನು ಓದುವಾಗ ನನಗೆ ಅಂತಿಯೋಕ್ಯದ ಆ ಹೆಸರಿಲ್ಲದವರು ಮತ್ತೆ ಮತ್ತೆ ಎದುರಾಗುತ್ತಾರೆ. ಇಲ್ಲಿ ಅವರ ಹೆಗಲ ಮೇಲೆ ನೇಗಿಲು ಇರುತ್ತದೆ.

ಪ್ರಾಚೀನ ಜಗತ್ತಿಗೂ ಈ ಕರಾವಳಿಗೂ ನಂಟು ಇರಲಿಲ್ಲವೆಂದಲ್ಲ. ಮೊದಲ ಶತಮಾನದ ರೋಮನ್ ಲೇಖಕ ಪ್ಲಿನಿ ಮುಜಿರಿಸ್ ಬಂದರಿಗೆ ಹೋಗುವ ಹಡಗುಗಳಿಗೆ ಎಚ್ಚರಿಕೆ ಕೊಡುತ್ತ, ಸಮೀಪದ ನಿತ್ರಿಯಾಸ್ ಎಂಬಲ್ಲಿ ಕಡಲ್ಗಳ್ಳರಿದ್ದಾರೆ ಎನ್ನುತ್ತಾನೆ. ಈ ನಿತ್ರಿಯಾಸ್ ನಮ್ಮ ನೇತ್ರಾವತಿಯ ಅಳಿವೆಯೇ ಇರಬೇಕೆಂದು ಹಲವು ವಿದ್ವಾಂಸರ ಊಹೆ. ಈಜಿಪ್ಟಿನ ಆಕ್ಸಿರಿಂಕಸ್‌ನ ಕಸದ ದಿಬ್ಬದಲ್ಲಿ ಸಿಕ್ಕ ಪಪೈರಸ್ಸಿನ ಗ್ರೀಕ್ ಪ್ರಹಸನವಂತೂ ಕನ್ನಡಿಗರಿಗೆ ಪರಿಚಿತ. ಭಾರತದ ತೀರದಲ್ಲಿ ಸಿಕ್ಕಿಬಿದ್ದ ಖಾರಿಟಿಯೋನ್ ಎಂಬ ಗ್ರೀಕ್ ಹೆಣ್ಣು, ಅವಳನ್ನು ಬಿಡಿಸಿಕೊಂಡು ಹೋಗಲು ಬಂದ ಅಣ್ಣ, ಮದ್ಯ ಕುಡಿದು ಮೈಮರೆತ ಸ್ಥಳೀಯ ದೊರೆ. ಆ ದೊರೆಯ ಬಾಯಲ್ಲಿ ಬರುವ ಮಾತುಗಳು ಕನ್ನಡವೆಂದು ಜರ್ಮನ್ ವಿದ್ವಾಂಸ ಹುಲ್ಶ್ ಹೇಳಿದ ಮೇಲೆ ನಮ್ಮಲ್ಲಿ ಚರ್ಚೆ ಎದ್ದಿತು. ಮಂಜೇಶ್ವರದ ಗೋವಿಂದ ಪೈಗಳು ಅದರಲ್ಲಿ ತಲೆಹಾಕಿದ್ದು ಸಹಜ. ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ ಎಂಬ ಕಾವ್ಯ ಮಾಡಿದವರೂ ಅವರೇ.

ಹಡಗು ಬಂದಲ್ಲಿಗೆ ಧರ್ಮಪ್ರಚಾರಕನೂ ಬಂದಿರಬೇಕಲ್ಲವೇ? ನಾಲ್ಕನೆಯ ಶತಮಾನದ ಚರ್ಚ್ ಇತಿಹಾಸಕಾರ ಯುಸೀಬಿಯಸ್ ಒಂದು ಸುದ್ದಿ ಕೊಡುತ್ತಾನೆ. ಅಲೆಕ್ಸಾಂಡ್ರಿಯದ ಪಂಡಿತ ಪಂತೇನಸ್ ಎರಡನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಡಿಯಾಕ್ಕೆ ಹೋದನಂತೆ, ಅಲ್ಲಿ ಹೀಬ್ರೂ ಲಿಪಿಯಲ್ಲಿದ್ದ ಮತ್ತಾಯನ ಸುವಾರ್ತೆಯನ್ನು ಕಂಡನಂತೆ, ಅದನ್ನು ಅಲ್ಲಿ ಬಿಟ್ಟುಹೋದವನು ಅಪೊಸ್ತಲ ಬಾರ್ತಲೊಮಾಯನಂತೆ. ಆರನೆಯ ಶತಮಾನದ ನಾವಿಕ ವ್ಯಾಪಾರಿ ಕೊಸ್ಮಾಸ್ ಇನ್ನೂ ಖಚಿತವಾಗಿ ಬರೆಯುತ್ತಾನೆ: ಮೆಣಸು ಬೆಳೆಯುವ ಮಲೆಯಲ್ಲಿ ಕ್ರೈಸ್ತರಿದ್ದಾರೆ, ‘ಕಲ್ಲಿಯಾನ’ ಎಂಬಲ್ಲಿ ಪರ್ಷಿಯದಿಂದ ನೇಮಕವಾಗಿ ಬಂದ ಬಿಷಪ್ ಇದ್ದಾನೆ. ಈ ಕಲ್ಲಿಯಾನ ಉಡುಪಿ ಬಳಿಯ ಕಲ್ಯಾಣಪುರ ಎಂದು ಕರಾವಳಿಯ ಕ್ರೈಸ್ತ ಲೇಖಕರಲ್ಲಿ ಹಲವರು ವಾದಿಸಿದ್ದಾರೆ. ಮುಂಬಯಿ ಹತ್ತಿರದ ಕಲ್ಯಾಣ ಎಂಬುದು ಇನ್ನೊಂದು ಪಕ್ಷ.

ಅಭಿಮಾನದಿಂದ ನೋಡಿದರೆ ಮೊದಲ ಪಕ್ಷ ಸೇರಬಹುದು. ನನ್ನ ಮನಸ್ಸು ಎರಡನೆಯದರ ಕಡೆಗೇ ವಾಲುತ್ತದೆ. ಪಂತೇನಸ್‌ನ ಮಾತಿಗೆ ಬಂದರೆ, ಅಂದಿನ ಗ್ರೀಕರ ಬಾಯಲ್ಲಿ ‘ಇಂಡಿಯಾ’ ಎಂದರೆ ಅರೇಬಿಯದ ದಕ್ಷಿಣ ತುದಿಯೂ ಆಗಬಹುದಿತ್ತು, ಇಥಿಯೋಪಿಯವೂ ಆಗಬಹುದಿತ್ತು. ಕೇರಳದ ಕೋಟ್ಟಯಂನಲ್ಲಿ, ಚೆನ್ನೈಯ ಸೇಂಟ್ ಥಾಮಸ್ ಮೌಂಟಿನಲ್ಲಿ, ಗೋವಾದ ಆಗಸೈಂನಲ್ಲಿ ಪಹ್ಲವಿ ಲಿಪಿ ಕೊರೆದ ಕಲ್ಲಿನ ಶಿಲುಬೆಗಳು ಸಿಕ್ಕಿವೆ. ತುಳುನಾಡಿನ ಹಳೆಗಾಲದ ಕಲ್ಲುಗಳು ಬಸದಿಗೆ, ದೇವಸ್ಥಾನಕ್ಕೆ, ಮಠಕ್ಕೆ ಬಿಟ್ಟ ಭೂಮಿಯ ಲೆಕ್ಕ ಹೇಳುತ್ತವೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಭೈರಾದೇವಿ ಮಂಟಪದ ಅಧಿಷ್ಠಾನದಲ್ಲಿ ಆಫ್ರಿಕದ ಜಿರಾಫೆ ಇದೆ, ಚೀನಾದ ಡ್ರ್ಯಾಗನ್ ಇದೆ. 15ನೆಯ ಶತಮಾನದ ಹೊತ್ತಿಗೆ ಇಲ್ಲಿನ ಜೈನ ಸೆಟ್ಟರಿಗೆ ಎರಡೂ ದಿಕ್ಕಿನ ಕಡಲ ಸುದ್ದಿ ಮುಟ್ಟುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅಷ್ಟು ದೂರದ ಪ್ರಾಣಿಯನ್ನು ಕೆತ್ತಿದ ಉಳಿ ಶಿಲುಬೆಯೊಂದನ್ನು ಮಾತ್ರ ಕೆತ್ತಲಿಲ್ಲ.

ಹಾಗಾಗಿ ಈ ಮೂರು ತಾಲೂಕುಗಳ ಮಟ್ಟಿಗೆ ಕಥೆ ಶುರುವಾಗುವುದು ಪೋರ್ಚುಗೀಸರಿಂದ, ಅದೂ ಅಷ್ಟೇನೂ ಭರ್ಜರಿಯಾಗಿ ಅಲ್ಲ. 1500ರಲ್ಲಿ ಕಬ್ರಾಲನ ಹಡಗುಗಳಲ್ಲಿ ಹೆನ್ರಿಕ್ ದ ಕೊಯಿಂಬ್ರ ಎಂಬ ಫ್ರಾನ್ಸಿಸ್ಕನ್ ಸಂನ್ಯಾಸಿ ಏಳು ಮಂದಿ ಸಂಗಡಿಗರೊಂದಿಗೆ ಬಂದ. ಅವರು ಈ ಕರಾವಳಿಯಲ್ಲಿ ದೀಕ್ಷೆ ಕೊಟ್ಟದ್ದು ಇಪ್ಪತ್ತೆರಡೋ ಇಪ್ಪತ್ತಮೂರೋ ಮಂದಿಗೆ ಎಂದು ಹೇಳಿಕೆ. 1526ರಲ್ಲಿ ಲೋಪೊ ವಾಜ್ ದ ಸಂಪಾಯೊ ಮಂಗಳೂರನ್ನು ಹಿಡಿದ ಮೇಲೆ ಫ್ರಾನ್ಸಿಸ್ಕನರ ಓಡಾಟ ಹೆಚ್ಚಿತು. 1568ರಲ್ಲಿ ಕೋಟೆ ಎದ್ದಿತು, ಬೋಳಾರದಲ್ಲಿ ರೊಸಾರಿಯೊ ಇಗರ್ಜಿ ಆಯಿತು. ಉಳ್ಳಾಲದಲ್ಲೊಂದು, ನೇತ್ರಾವತಿಯ ದಂಡೆಯ ಫರಂಗಿಪೇಟೆಯಲ್ಲೊಂದು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಬಂದಾಗಲೂ ಮಂಗಳೂರಿನಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು ಮೂರು ಇಗರ್ಜಿ. ಒಂದು ಶತಮಾನದ ಪ್ರಚಾರಕ್ಕೆ ಇದು ದೊಡ್ಡ ಫಸಲೇನೂ ಅಲ್ಲ.

ಕಾರಣ ಸುಲಭ. ಪೋರ್ಚುಗೀಸ್ ಪಾದ್ರಿಯ ಹಿಂದೆ ಪೋರ್ಚುಗೀಸ್ ತೋಪು ಇತ್ತು. ಉಳ್ಳಾಲದ ರಾಣಿ ಅಬ್ಬಕ್ಕನ ಊರಲ್ಲಿ ಅದು ಸಾಕ್ಷಿ ಬೇಕಿಲ್ಲದ ಮಾತು. ಉಳ್ಳಾಲ, ಪುತ್ತಿಗೆ, ಮೂಡುಬಿದಿರೆ ಈ ಮೂರೂ ಕಡೆ ನೆಲೆಯಿದ್ದ ಚೌಟರ ಮನೆತನ ಫರಂಗಿಗಳ ಜೊತೆ ಕಪ್ಪಕಾಣಿಕೆಯ ಜಗಳದಲ್ಲೇ ತಲೆಮಾರುಗಳನ್ನು ಕಳೆಯಿತು. ದೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನು ನೋಡಲೆಂದೇ ಮನೇಲಿಗೆ ಹೋದ. ಅರಮನೆ, ಸಿಂಹಾಸನ ಎಂದೆಲ್ಲ ಎಣಿಸಿದ್ದವನಿಗೆ ರಾಣಿ ಸಿಕ್ಕಿದ್ದು ಬೀದಿಯಲ್ಲಿ. ಬರಿಗಾಲು, ಉಟ್ಟದ್ದು ಸಾದಾ ಬಟ್ಟೆ, ತಲೆಯ ಮೇಲೆ ತಾಳೆಗರಿಯ ಕೊಡೆ. ಹೊಸದಾಗಿ ತೋಡುತ್ತಿದ್ದ ನೀರಿನ ಕಾಲುವೆಗಳನ್ನು ನೋಡುವುದು ಅವಳ ಆವತ್ತಿನ ಕೆಲಸ. ಅವಳ ಬಗ್ಗೆ ವೀರಗಾಥೆ ಕಟ್ಟುವವರು ಈ ಪುಟವನ್ನು ಯಾಕೋ ಅಷ್ಟಾಗಿ ಹೇಳುವುದಿಲ್ಲ. ನನಗೆ ಆ ಕಾಲುವೆಯೇ ಮುಖ್ಯ. ಈ ನಾಡಿನ ಅರಸು ಮನೆತನಗಳ ತಲೆಯಲ್ಲಿ ಹಗಲಿರುಳು ಇದ್ದದ್ದು ಗದ್ದೆ, ನೀರು, ಅಕ್ಕಿ. ಮುಂದೆ ಕ್ರೈಸ್ತರಿಗೆ ಬಾಗಿಲು ತೆರೆದದ್ದೂ ಅಲ್ಲಿಂದಲೇ.

ಗೋವಾದಲ್ಲಿ 1560ರಲ್ಲಿ ಇನ್‌ಕ್ವಿಸಿಷನ್ ಶುರುವಾಯಿತು. ಹೊಸದಾಗಿ ಕ್ರೈಸ್ತರಾದವರು ಹಳೆಯ ಆಚಾರ ಬಿಟ್ಟಿದ್ದಾರೋ ಇಲ್ಲವೋ ಎಂದು ಅಡುಗೆಮನೆಗೂ ಮದುವೆ ಚಪ್ಪರಕ್ಕೂ ಇಣುಕುವ ನ್ಯಾಯಾಲಯ ಅದು. ತುಳಸಿಕಟ್ಟೆ ಇಟ್ಟದ್ದು, ಮದುವೆಯಲ್ಲಿ ವೀಳ್ಯ ಹಂಚಿದ್ದು, ಉಪ್ಪಿಲ್ಲದೆ ಅನ್ನ ಬೇಯಿಸಿದ್ದು ಎಲ್ಲವೂ ಸಂಶಯಕ್ಕೆ ದಾರಿ. 1570ರಲ್ಲಿ ಬಿಜಾಪುರದ ಆದಿಲಶಾಹಿ ಸೈನ್ಯ ಗೋವಾಕ್ಕೆ ಮುತ್ತಿಗೆ ಹಾಕಿತು. ಅದರ ಬೆನ್ನಿಗೆ ರೋಗರುಜಿನ, ತೆರಿಗೆಯ ಭಾರ. 1683ರಲ್ಲಿ ಸಂಭಾಜಿಯ ದಾಳಿ, 1739ರಲ್ಲಿ ಮತ್ತೆ ಮರಾಠರು. ಪ್ರತಿ ಹೊಡೆತಕ್ಕೂ ಸಾಸಷ್ಟಿ, ಬಾರ್ದೇಸಿನ ಕೊಂಕಣಿ ಕುಟುಂಬಗಳು ಗಂಟುಮೂಟೆ ಕಟ್ಟಿ ತೆಂಕಣಕ್ಕೆ ನಡೆದವು. ಅದೇ ದಾರಿಯಲ್ಲಿ, ಕ್ರೈಸ್ತರಾಗಲು ಒಲ್ಲದೆ ಹೊರಟ ಗೌಡ ಸಾರಸ್ವತರು ದೇವರ ಮೂರ್ತಿಗಳನ್ನು ಹೊತ್ತು ಮುಂಚೆಯೇ ನಡೆದಿದ್ದರು. ಇಬ್ಬರದೂ ಕೊಂಕಣಿ, ಇಬ್ಬರೂ ಓಡಿದ್ದು ಒಂದೇ ಆಡಳಿತಕ್ಕೆ ಹೆದರಿ. ಮತ ಕೊಟ್ಟವರಿಗೇ ಹೆದರಿ ಆ ಮತವನ್ನು ಎದೆಗವುಚಿಕೊಂಡು ಓಡಿದ ಈ ಒಕ್ಕಲು ಮಂದಿಯ ಸ್ಥಿತಿ ಚರಿತ್ರೆಯ ವಿಚಿತ್ರಗಳಲ್ಲಿ ಒಂದು.

ಇತ್ತ ಕೆಳದಿಯ ನಾಯಕರಿಗೆ ದುಡಿಯುವ ಕೈ ಬೇಕಿತ್ತು. ಕರಾವಳಿಯ ಅಕ್ಕಿ ಗೋವಾಕ್ಕೂ ಅರಬ್ಬರ ಮಸ್ಕತ್ತಿಗೂ ಹೋಗುತ್ತಿತ್ತು. ಮುಡಿ ಕಟ್ಟಿದ ಅಕ್ಕಿ ಎಂದರೆ ನಾಣ್ಯ. ಬೈಲುಗದ್ದೆಗಳಿಗೆ ಒಕ್ಕಲು ಇದ್ದರು, ಗುಡ್ಡದ ಮಗ್ಗುಲಿನ ಬೆಟ್ಟು, ಮಜಲು, ಹಡಿಲು ಬಿದ್ದ ನೆಲ ಬೇಕಾದಷ್ಟಿತ್ತು. ಬಂದವರಿಗೆ ಅಂಥ ನೆಲವನ್ನು ಗೇಣಿಗೆ ಕೊಟ್ಟರು. ಕಾಡು ಕಡಿದು, ಕಟ್ಟಹುಣಿ ಕಟ್ಟಿ, ತೆಂಗು ಅಡಿಕೆ ನೆಟ್ಟವರಿಗೆ ಕಾಲಕ್ರಮದಲ್ಲಿ ಬಿಡಿಸಲಾಗದ ಮೂಲಗೇಣಿ ದಕ್ಕಿತು, ಉಳಿದವರದು ಧಣಿ ಬಿಡಿಸಬಹುದಾದ ಚಾಲಗೇಣಿ. ಧಣಿ ಜೈನ ಬಲ್ಲಾಳನೋ ಬಂಟ ಗುತ್ತಿನವನೋ ಆಗಿದ್ದ. ಗೇಣಿ ಅಕ್ಕಿ ಅಳೆದು ಹಾಕುವವರೆಗೆ ಒಕ್ಕಲಿನವನು ಯಾರಿಗೆ ಕೈಮುಗಿಯುತ್ತಾನೆ ಎಂಬುದು ಅವನಿಗೆ ಅಂಥ ಮುಖ್ಯವಾದ ಸಂಗತಿಯಲ್ಲ. ತುಳುವರು ಬಂದವರನ್ನು ಪೊರ್ಬುಲು ಎಂದು ಕರೆದರು. ಇವತ್ತಿಗೂ ಬಂಟ್ವಾಳದ ಹಳ್ಳಿಯ ಅಂಗಡಿಯಲ್ಲಿ ‘ಬಲೆ ಪೊರ್ಬುಲೆ, ಕುಳ್ಳುಲೆ’ ಎನ್ನುವುದನ್ನು ಕೇಳಬಹುದು.

ಶಿವಪ್ಪ ನಾಯಕ 1650ರ ದಶಕದ ಆರಂಭದಲ್ಲಿ ಪೋರ್ಚುಗೀಸರ ಕೋಟೆಗಳನ್ನು ಒಂದೊಂದಾಗಿ ಕಿತ್ತುಕೊಂಡ. ಹೊನ್ನಾವರ, ಗಂಗೊಳ್ಳಿ, ಬಸ್ರೂರು, ಮಂಗಳೂರು. ಕೋಟೆಯ ಜೊತೆ ಕೋಟೆಯ ಪಾದ್ರಿಗಳೂ ಹೋದರು. ಒಕ್ಕಲುಗಳು ಹೋಗಲಿಲ್ಲ, ಭತ್ತ ಹೊಡೆ ಹಾಯ್ದಿರುವಾಗ ಯಾರು ಹೋಗುತ್ತಾರೆ? ಪೂಜೆ ಹೇಳುವವರಿಲ್ಲ, ಮದುವೆ ಮಾಡಿಸುವವರಿಲ್ಲ, ಸಾಯುವವನ ಕಿವಿಯಲ್ಲಿ ಪ್ರಾರ್ಥನೆ ಹೇಳುವ ಗುರುವಿಲ್ಲ. ಆ ಕಾಲದಲ್ಲಿ ಈ ಸಮುದಾಯವನ್ನು ಹಿಡಿದಿಟ್ಟದ್ದು ವಾಳೆಯ (ಕೇರಿಯ) ಗುರ್ಕಾರರು. ಗುರ್ಕಾರ ಅಂದರೆ ಪಾದ್ರಿಯಲ್ಲ, ಊರಿನ ಹಿರಿಯ ಸಂಸಾರಸ್ಥ. ಸಂಜೆಯ ತೇರ್ಸ (ಜಪಮಾಲೆ ಪ್ರಾರ್ಥನೆ) ಹೇಳಿಸುವುದು, ಜಗಳ ಬಗೆಹರಿಸುವುದು, ಸತ್ತ ಮನೆಗೆ ಜನ ಸೇರಿಸುವುದು ಅವನ ಜವಾಬ್ದಾರಿ. ಆ ಹುದ್ದೆ ಇಗರ್ಜಿಗಳಲ್ಲಿ ಈಗಲೂ ಇದೆ.

ಈ ಕುರುಬನಿಲ್ಲದ ಹಿಂಡಿನ ನಡುವೆ 1681ರಲ್ಲಿ ಬಂದವರು ಜೋಸೆಫ್ ವಾಜ್. ಹುಟ್ಟಿದ್ದು 1651ರ ಏಪ್ರಿಲ್ 21, ಗೋವಾದ ಸಾಸಷ್ಟಿಯ ಬೆನಾವ್ಲಿಯಲ್ಲಿ, ಅವರ ತಾಯಿಯ ಊರಿನಲ್ಲಿ. 1676ರಲ್ಲಿ ಗುರುದೀಕ್ಷೆ. ಬಿಳಿಯರಲ್ಲ, ಕೊಂಕಣಿ ಮನೆಮಾತಿನವರು. ಬಂದದ್ದು ಪ್ರಚಾರಕ್ಕಿಂತ ಹೆಚ್ಚಾಗಿ ರಾಜಿ ಪಂಚಾತಿಕೆಗೆ ಎನ್ನಬೇಕು. ಪೋರ್ಚುಗಲ್ ದೊರೆಯ ‘ಪದ್ರುವಾದೊ’ ಹಕ್ಕಿನ ಪ್ರಕಾರ ಪೂರ್ವದ ಇಗರ್ಜಿಗಳೆಲ್ಲ ಗೋವಾದ ಆರ್ಚ್‌ಬಿಷಪ್ಪರ ಕೆಳಗೆ. ರೋಮಿನ ‘ಪ್ರೊಪಗಾಂಡ’ ಸಭೆ ಮಾತ್ರ 1675ರಲ್ಲಿ ಥಾಮಸ್ ದ ಕಾಸ್ತ್ರೊ ಎಂಬ ಬಿಷಪ್ಪರನ್ನು ನೇರವಾಗಿ ಕೆನರಾಕ್ಕೆ ನೇಮಿಸಿತ್ತು. ಅವರೂ ಗೋವಾದ ದಿವಾಡಿಯವರೇ. ಗೋವಾದ ಕಡೆಯ ಪಾದ್ರಿಗಳು ಒಂದು ಕಡೆ, ಬಿಷಪ್ ಕಡೆಯವರು ಇನ್ನೊಂದು ಕಡೆ. ಯಾರ ಪೂಜೆ ಸಲ್ಲುತ್ತದೆ, ಯಾರದು ಸಲ್ಲುವುದಿಲ್ಲ ಎಂಬ ಗೊಂದಲದಲ್ಲಿ ಬಡ ಒಕ್ಕಲು. ವಾಜ್ ಗೋವಾದ ಪರವಾಗಿ ಬಂದವರಾದರೂ ಬಿಷಪ್ಪರಿಗೆ ಗೌರವ ತಪ್ಪಿಸದೆ, ಜಗಳಕ್ಕೆ ಎಣ್ಣೆ ಹೊಯ್ಯದೆ, ತಾವು ಮಾತ್ರ ಊರೂರು ನಡೆದರು. ಮಂಗಳೂರಿನಿಂದ ಬಡಗಣ ಬಸ್ರೂರು, ಕುಂದಾಪುರ, ಗಂಗೊಳ್ಳಿಯವರೆಗೆ; ಅಲ್ಲಲ್ಲಿ ಪ್ರಾರ್ಥನಾ ಮಂದಿರ, ಶಾಲೆ, ಸೊಡಾಲಿತ್ ಸಂಘ. 1678ರಲ್ಲಿ ಕೆಳದಿಯ ರಾಣಿ ಚೆನ್ನಮ್ಮಾಜಿಯ ಕಾಲದಲ್ಲಿ ಆದ ಒಪ್ಪಂದದಲ್ಲಿ ಹೊನ್ನಾವರ, ಭಟ್ಕಳ, ಕಲ್ಯಾಣಪುರ ಮುಂತಾದೆಡೆ ಇಗರ್ಜಿ ಕಟ್ಟಲು ಅನುಮತಿ ಸಿಕ್ಕಿತ್ತು. ಶೈವ ರಾಣಿಯ ಒಪ್ಪಿಗೆಯ ನೆರಳಿನಲ್ಲೇ ಈ ಓಡಾಟ ನಡೆಯಿತು.

ಹಳೆಯ ಬಂಟ್ವಾಳ ತಾಲೂಕಿನ ಮುಡಿಪು ಗುಡ್ಡದಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವಿದೆ. ಸಾಯುತ್ತಿರುವವನಿಗೆ ಕೊನೆಯ ಪ್ರಾರ್ಥನೆ ಹೇಳಬೇಕೆಂದು ಸುಳ್ಳು ಹೇಳಿ ಕೆಲವರು ವಾಜ್‌ರನ್ನು ರಾತ್ರಿ ಆ ಗುಡ್ಡಕ್ಕೆ ಕರೆದೊಯ್ದರು, ಕೊಲ್ಲುವ ಉದ್ದೇಶ ತಿಳಿದ ವಾಜ್ ಮೊಣಕಾಲೂರಿ ಪ್ರಾರ್ಥಿಸಿದರು, ಆ ಬಂಡೆಯಲ್ಲಿ ನೀರು ಒಸರಿತು ಎಂಬುದು ಐತಿಹ್ಯ. ಇತಿಹಾಸಕಾರ ಇದಕ್ಕೆ ಮೊಹರು ಒತ್ತಲಾರ. ಮುರಕಲ್ಲಿನ ಗುಡ್ಡದಲ್ಲಿ ಒಸರು ಸಿಗುವುದು ತುಳುನಾಡಿನವರಿಗೆ ಹೊಸತೂ ಅಲ್ಲ. ಆದರೆ ಕಥೆ ಕಟ್ಟಿದವರ ಮನಸ್ಸನ್ನು ನೋಡಿ. ಅವರ ಪವಾಡಪುರುಷ ದೆವ್ವ ಓಡಿಸಲಿಲ್ಲ, ಚಿನ್ನ ತರಲಿಲ್ಲ, ನೀರು ತಂದ. ಎತ್ತರದ ಬೆಟ್ಟುಗದ್ದೆ ಗೇಣಿಗೆ ಪಡೆದ ಒಕ್ಕಲಿಗೆ ಬೇಕಾದದ್ದು ಅದೇ.

ವಾಜ್ 1684ರಲ್ಲಿ ಗೋವಾಕ್ಕೆ ಮರಳಿದರು. ಎರಡು ವರ್ಷ ಕಳೆದು ಮತ್ತೆ ಇದೇ ಕೆನರಾ ದಾರಿಯಾಗಿ ತೆಂಕಣಕ್ಕೆ ನಡೆದು ಸಿಲೋನ್ ಸೇರಿದ ಮುಂದಿನ ಕಥೆಯೇ ಅವರನ್ನು ಲೋಕಪ್ರಸಿದ್ಧರನ್ನಾಗಿ ಮಾಡಿದ್ದು. ಡಚ್ಚರು ಅಲ್ಲಿ ಕ್ಯಾಥೊಲಿಕ್ ಪಾದ್ರಿಗಳನ್ನು ನಿಷೇಧಿಸಿದ್ದರು. ಕೂಲಿಯ ವೇಷದಲ್ಲಿ ಇಳಿದು, ಬೇಡಿ ತಿಂದು, ತಮಿಳು ಸಿಂಹಳ ಕಲಿತು, ಗೂಢಚಾರನೆಂದು ಕ್ಯಾಂಡಿಯಲ್ಲಿ ಸೆರೆಯಾಗಿ, ಸಿಡುಬಿನ ಪಿಡುಗಿನಲ್ಲಿ ರೋಗಿಗಳ ಸೇವೆ ಮಾಡಿ, 1711ರ ಜನವರಿ 16ರಂದು ಅಲ್ಲೇ ತೀರಿಕೊಂಡರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಪೌಲನ ಸಾಲಿಗೆ ಸೇರಿಸಬಹುದಾದ ನಡೆದಾಡುವ ಪ್ರಚಾರಕ ನಮ್ಮ ಭಾಗದಲ್ಲಿ ಒಬ್ಬರಿದ್ದರೆ ಅದು ಇವರೇ. ಅವರೂ ಇಲ್ಲಿ ಬಂದದ್ದು ಒಕ್ಕಲು ನೆಲೆಯೂರಿದ ನಂತರ.

ಫರಂಗಿಪೇಟೆಯ ಗುಡ್ಡದ ಮೊಂತೆ ಮರಿಯಾನೊ ಮಠದಲ್ಲಿ 1763ರಲ್ಲಿ ಫಾದರ್ ಜೋಕಿಂ ಮಿರಾಂದ ಒಂದು ಹಬ್ಬ ಶುರುಮಾಡಿದರೆಂದು ಹೇಳುತ್ತಾರೆ. ಮರಿಯಮ್ಮನ ಹುಟ್ಟುಹಬ್ಬ, ಸೆಪ್ಟೆಂಬರ್ 8. ಕೊಂಕಣಿಯಲ್ಲಿ ಮೊಂತಿ ಫೆಸ್ತ್, ತುಳುವಿನಲ್ಲಿ ಕುರಲ್ ಪರ್ಬ. ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಬಾಲಮರಿಯಳ ಮೂರ್ತಿಗೆ ಹಾಕುತ್ತಾರೆ. ಪಾದ್ರಿ ಹೊಸ ತೆನೆಗಳನ್ನು ಆಶೀರ್ವದಿಸಿ ಮನೆಗೊಂದರಂತೆ ಹಂಚುತ್ತಾರೆ. ಮನೆಯ ಹಿರಿಯ ಆ ತೆನೆಯನ್ನು ಅಲ್ತಾರಿನ ಮುಂದಿಟ್ಟು ಪ್ರಾರ್ಥನೆ ಮಾಡಿ, ಕಾಳು ಸುಲಿದು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸುತ್ತಾನೆ. ಮೊದಲು ಅದನ್ನು ಎಲ್ಲರೂ ಒಂದೊಂದು ಗುಟುಕು ಕುಡಿಯಬೇಕು. ಆಮೇಲೆ ಬಾಳೆಲೆ ಊಟ. ಮೀನು ಮಾಂಸ ಇಲ್ಲ, ಬಡಿಸುವ ಪಲ್ಯಗಳ ಲೆಕ್ಕ ಬೆಸ ಸಂಖ್ಯೆಯಲ್ಲಿರಬೇಕು. ಕೆಸು, ಹರಿವೆ ದಂಟು, ಬೆಂಡೆ, ಹೀರೆ, ಮುಳ್ಳುಸೌತೆ. ಬರಲಾಗದವರಿಗೆ ಪುಡಿ ಮಾಡಿದ ತೆನೆಯಕ್ಕಿಯನ್ನು ಲಕೋಟೆಯಲ್ಲಿಟ್ಟು ದುಬೈಗೂ ಮುಂಬಯಿಗೂ ಕಳಿಸುವ ಮನೆಗಳಿವೆ. ಅದೇ ಮಾಸದಲ್ಲಿ ಪಕ್ಕದ ಮನೆಯ ತುಳುವ ಕುರಲ್ ತಂದು ಮಾವಿನೆಲೆ, ಹಲಸಿನೆಲೆ ಸೇರಿಸಿ ಕಂಬಕ್ಕೆ ಕಟ್ಟುತ್ತಾನೆ. ಲಿಸ್ಬನ್ನಿನ ಪಾದ್ರಿಗೆ ಇಂಥದ್ದೊಂದು ಹಬ್ಬ ಹೊಳೆಯುತ್ತಿರಲಿಲ್ಲ. ಇದು ಗೇಣಿ ಒಕ್ಕಲಿನ ಹಬ್ಬ.

ಆ 1763ರಲ್ಲೇ ಹೈದರಾಲಿ ಮಂಗಳೂರನ್ನು ವಶಪಡಿಸಿಕೊಂಡ. ಮಿರಾಂದರಿಗೂ ಅವನಿಗೂ ಸ್ನೇಹವಿತ್ತು. ಎರಡನೆಯ ಮೈಸೂರು ಯುದ್ಧದಲ್ಲಿ ಕೆನರಾದ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಆರೋಪ ಟಿಪ್ಪು ಸುಲ್ತಾನನದು. 1784ರ ಬೂದಿ ಬುಧವಾರ ಬಂಧನ ನಡೆಯಿತೆಂದು ಸಮುದಾಯದ ನೆನಪು. ಎಷ್ಟು ಮಂದಿ ಎಂಬುದಕ್ಕೆ 30,000ದಿಂದ 80,000ದವರೆಗೆ ಬೇರೆ ಬೇರೆ ಅಂದಾಜುಗಳಿವೆ. ಟಿಪ್ಪುವಿನ ಕುರಿತ ಇಂದಿನ ರಾಜಕೀಯದಲ್ಲಿ ಯಾರು ಯಾವ ಅಂಕಿ ಎತ್ತಿಕೊಳ್ಳುತ್ತಾರೆ ಎಂಬುದರಿಂದಲೇ ಅವರ ಪಕ್ಷ ಹೇಳಬಹುದು. ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಸಾವಿರಗಟ್ಟಲೆ. ಮಿರಾಂದರನ್ನು ಇತರ ಪಾದ್ರಿಗಳ ಜೊತೆ ಗೋವಾಕ್ಕೆ ಗಡೀಪಾರು ಮಾಡಿದರು. ಇಗರ್ಜಿಗಳನ್ನು ನೆಲಸಮ ಮಾಡಿದರು. ಇಪ್ಪತ್ತೇಳು ಎಂಬ ಲೆಕ್ಕ ಬಳಕೆಯಲ್ಲಿದೆ.

ಉಳಿದದ್ದು ಒಂದು ಎನ್ನುತ್ತಾರೆ. ಅದು ಮೂಡುಬಿದಿರೆ ಬಳಿಯ ಹೊಸಬೆಟ್ಟಿನ ಹೋಲಿ ಕ್ರಾಸ್ ಇಗರ್ಜಿ. ಉಳಿಸಿದವರು ಮೂಡುಬಿದಿರೆಯ ಚೌಟರಸರು ಎಂದು ಕ್ರೈಸ್ತರೇ ಬರೆದಿಟ್ಟಿದ್ದಾರೆ. ಎರಡು ಶತಮಾನ ಹಿಂದೆ ಉಳ್ಳಾಲದ ಕಡಲ ತಡಿಯಲ್ಲಿ ಪೋರ್ಚುಗೀಸರ ಮೇಲೆ ಬೆಂಕಿ ಸುರಿದ ಮನೆತನವೇ ಇದು. ಆ ಹೊತ್ತಿಗೆ ಚೌಟರ ಕೈಯಲ್ಲಿ ಹಳೆಯ ಅಧಿಕಾರ ಉಳಿದಿರಲಿಲ್ಲ. ಹೈದರನ ಕಾಲಕ್ಕೇ ಕರಾವಳಿಯ ತುಂಡರಸರ ರೆಕ್ಕೆ ಕತ್ತರಿಸಿಯಾಗಿತ್ತು. ಊರಲ್ಲಿ ಮಾತಿಗೆ ಬೆಲೆ ಮಾತ್ರ ಇತ್ತು. ಚೌಟರ ಅರಮನೆಯ ಕಂಬಗಳಲ್ಲಿ ಒಂಬತ್ತು ಹೆಂಗಸರು ಮೈಗೆ ಮೈ ಹೆಣೆದು ಆನೆಯಾದ ನವನಾರಿಕುಂಜರ, ಐವರು ಸೇರಿ ಕುದುರೆಯಾದ ಪಂಚನಾರಿತುರಗ ಇವತ್ತಿಗೂ ನೋಡಸಿಗುತ್ತವೆ. ಕುಸುರಿಗೆ ಮನಸ್ಸು, ಬಿಡುವು ಎರಡೂ ಇದ್ದ ಮನೆ ಅದು. ಚೌಟರು ಅಡ್ಡ ನಿಂತದ್ದೇಕೆ? ಜೈನರ ಅಹಿಂಸೆ, ಸಹಿಷ್ಣುತೆ ಎಂದು ಭಾಷಣಗಳಲ್ಲಿ ಹೇಳುವುದುಂಟು. ಅದೂ ಇದ್ದೀತು. ಒಕ್ಕಲು ಎದ್ದುಹೋದರೆ ಗದ್ದೆ ಹಡಿಲು ಬೀಳುತ್ತದೆ, ಇಗರ್ಜಿ ನಿಂತಿದ್ದರೆ ಹೋದವರು ಮರಳಿ ಬರುತ್ತಾರೆ ಎಂಬ ಧಣಿಯ ನೋಟವೂ ಇದ್ದೀತು ಎಂದರೆ ಚೌಟರ ದೊಡ್ಡತನಕ್ಕೆ ಕುಂದಲ್ಲ. ಅಳೆದು ಕೊಟ್ಟ ಅಕ್ಕಿಯ ಸಂಬಂಧ ಕೆಲವೊಮ್ಮೆ ಧರ್ಮದ ಸಂಬಂಧಕ್ಕಿಂತ ಗಟ್ಟಿ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರು ಘಟ್ಟ ಇಳಿದರು. ಕೆನರಾದ ಮೊದಲ ಕಲೆಕ್ಟರ್ ಥಾಮಸ್ ಮನ್ರೊ, ಆಮೇಲೆ ಬಂದ ರೇವನ್‌ಶಾ ಇವರಿಗೆ ಎದುರಾದದ್ದು ಜನ ಕಡಿಮೆಯಾದ, ಸಾಗುವಳಿ ನಿಂತ ನಾಡು. 1801ರಲ್ಲಿ ಇಂಗ್ಲಿಷರ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿ ಹೋದಾಗ ಫರಂಗಿಪೇಟೆ ಪಾಳುಬಿದ್ದಿತ್ತು. ಮರಳಿದವರು ಮೊದಲು ಮಾಡಿದ ಕೆಲಸ ಇಗರ್ಜಿ ಕಟ್ಟುವುದಕ್ಕಿಂತ ತಮ್ಮ ಹಳೆಯ ಗೇಣಿಯ ನೆಲ ಯಾರ ಕೈಯಲ್ಲಿದೆ ಎಂದು ಹುಡುಕುವುದು.

ಇಷ್ಟಾದ ಮೇಲೆ ನಿಜವಾದ ಅರ್ಥದ ಪ್ರಚಾರಕರು ಬಂದರು. 1834ರ ಅಕ್ಟೋಬರ್ 30ರಂದು ಬಾಸೆಲ್ ಮಿಶನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಇಳಿದರು. ಸಂತೆ, ಜಾತ್ರೆ, ತೇರು ಎಲ್ಲಿ ಜನ ಸೇರಿದರೂ ಅಲ್ಲಿ ನಿಂತು ತುಳು, ಕನ್ನಡದಲ್ಲಿ ಸಾರಿದರು. ಭಾಷೆಗೆ ಅವರು ಕೊಟ್ಟ ದುಡಿಮೆ ಎಲ್ಲರಿಗೂ ಗೊತ್ತು: 1843ರ ‘ಮಂಗಳೂರ ಸಮಾಚಾರ’, 1847ರ ತುಳು ಹೊಸ ಒಡಂಬಡಿಕೆ, ಬ್ರಿಗೆಲ್‌ನ ತುಳು ವ್ಯಾಕರಣ, ಮೆನ್ನರ್‌ನ ನಿಘಂಟು, ಕಿಟೆಲ್‌ನ ಪದಕೋಶ. ಜನರನ್ನು ಸೇರಿಸುವುದರಲ್ಲಿ ಅಷ್ಟು ಗೆಲುವು ಸಿಗಲಿಲ್ಲ, ಕಾರಣ ಮತ್ತೆ ಭೂಮಿಯದೇ. ಬಿಲ್ಲವನೊಬ್ಬ ದೀಕ್ಷೆ ತೆಗೆದುಕೊಂಡರೆ ಅಳಿಯಸಂತಾನದ ಕುಟುಂಬ ಅವನನ್ನು ಹೊರಗಿಡುತ್ತಿತ್ತು, ಧಣಿ ಒಕ್ಕಲು ಬಿಡಿಸುತ್ತಿದ್ದ, ಕಳ್ಳು ಇಳಿಸುವ ಮೂರ್ತೆ ಕಸುಬನ್ನು ಮಿಶನ್ನೇ ಒಪ್ಪುತ್ತಿರಲಿಲ್ಲ. ಹಾಗೆ ಬೀದಿಗೆ ಬಿದ್ದವರಿಗೆ ಕೂಳು ಒದಗಿಸಲೆಂದು ನೇಯ್ಗೆಯ ಕಾರ್ಖಾನೆ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. ಮಂಗಳೂರು ಹಂಚು ಇಡೀ ಜಗತ್ತಿನ ಮಾಡು ಹೊದಿಸಿದ್ದಕ್ಕೆ ಮೂಲ ಕಾರಣ, ಪ್ರಚಾರಕರ ಕೈಯಲ್ಲಿ ಗದ್ದೆ ಇಲ್ಲದ್ದು.

1974ರ ಭೂಸುಧಾರಣೆ ಬಂದಾಗ ದಕ್ಷಿಣ ಕನ್ನಡದ ಗೇಣಿದಾರರು ಡಿಕ್ಲರೇಶನ್ ಕೊಡಲು ಸಾಲುಗಟ್ಟಿದರು. ಪೊರ್ಬುಲು, ಬಿಲ್ಲವರು, ಗೌಡರು, ಬ್ಯಾರಿಗಳು ಒಂದೇ ಸಾಲಿನಲ್ಲಿ. ಚಾಲಗೇಣಿ ಎಂಬ ಮಾತೇ ಮುಗಿಯಿತು.

ಬೆಳ್ತಂಗಡಿಯದು ಇನ್ನೊಂದು ಅಧ್ಯಾಯ. ಕ್ರಿ.ಶ. 52ರಲ್ಲಿ ಅಪೊಸ್ತಲ ತೋಮಾ ಕೊಡುಂಗಲ್ಲೂರಿಗೆ ಬಂದನೆಂದು ನಂಬುವ, ಸಾವಿರ ವರ್ಷಕ್ಕೂ ಹೆಚ್ಚು ಕಾಲ ಪರ್ಷಿಯದ ಬಿಷಪ್ಪರ ಕೆಳಗಿದ್ದು ಸಿರಿಯಾಕ್ ಭಾಷೆಯಲ್ಲಿ ಪೂಜೆ ಮಾಡಿಕೊಂಡು ಬಂದ ಕೇರಳದ ಸುರಿಯಾನಿಗಳು 1950ರ ದಶಕದಿಂದೀಚೆ ಘಟ್ಟದ ಬುಡದ ಕಾಡುಗಳಿಗೆ ಬಂದರು. ಪಾಲಾ, ಕೋಟ್ಟಯಂ ಕಡೆ ನೆಲ ತುಟ್ಟಿ, ಮಕ್ಕಳು ಹೆಚ್ಚು. ಇಲ್ಲಿ ನೆಲ ಅಗ್ಗ, ಮಳೆ ಧಾರಾಳ. ಮಲಬಾರಿಗೆ ವಲಸೆ ಹೋದವರಿಗಾಗಿ 1953ರಲ್ಲಿ ತಲಶ್ಶೇರಿ ಧರ್ಮಪ್ರಾಂತ ಆಗಿತ್ತು, ಇನ್ನೂ ಬಡಗಣಕ್ಕೆ ಬಂದ ಇವರೂ ಅದರ ಲೆಕ್ಕಕ್ಕೇ ಸೇರಿದರು. ತೋಟತ್ತಾಡಿ, ಗಂಡಿಬಾಗಿಲಿನಂಥ ಕಡೆ ಜ್ವರ, ಆನೆ, ಹಾವು ಎಲ್ಲ ಸಹಿಸಿ ರಬ್ಬರ್ ಎಬ್ಬಿಸಿದರು. ಪ್ರಾಚೀನ ಜಗತ್ತಿನ ಕ್ರೈಸ್ತಮತದ ನೇರ ಪೀಳಿಗೆ ಎಂದು ತಮ್ಮನ್ನು ಕರೆದುಕೊಳ್ಳುವವರು ಈ ಮೂರು ತಾಲೂಕಿಗೆ ಮುಟ್ಟಿದ್ದು ಹೀಗೆ, ಪಂತೇನಸ್ ಕಾಲಕ್ಕೆ ಹದಿನೆಂಟು ಶತಮಾನ ತಡವಾಗಿ, ಟ್ಯಾಪಿಂಗ್ ಕತ್ತಿ ಹಿಡಿದುಕೊಂಡು. ಎರಡನೆಯ ಜಾನ್ ಪಾಲ್ ಪೋಪರು ಬೆಳ್ತಂಗಡಿಯನ್ನು ಪ್ರತ್ಯೇಕ ಧರ್ಮಪ್ರಾಂತವಾಗಿ ಮಾಡಿದ್ದು 1999ರ ಏಪ್ರಿಲ್ 24ರಂದು. ಲಾರೆನ್ಸ್ ಮುಕ್ಕುಝಿ ಮೊದಲ ಬಿಷಪ್. ಮೊದಲ ಕುಟುಂಬಗಳು ರಬ್ಬರ್ ನೆಟ್ಟು ಆಗಲೇ ನಾಲ್ಕು ದಶಕ ಕಳೆದಿತ್ತು.